ಕುಡಿತ ಬಿಟ್ಟವನ ಕೈಯ ಸಿಗರೇಟು



ಕಳೆದ ಕಾರ್ತಿಕ ಮಾಸದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಇಪ್ಪತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕಂದಪದ್ಯಕ್ಕೆ ಪ್ರಸ್ತಾರ ಹಾಕಲು ಹೆಣಗುತ್ತಿದ್ದವನು. ಈಗ ಎರಡು ಮಕ್ಕಳ ತಂದೆ. ಜಗಲಿಯ ಮೇಲೆ ಕುಳಿತು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದನು:

"ಮೇಷ್ಟ್ರೆ, ಕುಡಿಯೋದು ಬಿಟ್ಟು ಏಳು ವಾರ ಆಯ್ತು. ಆಸ್ಪತ್ರೇಲಿ ಹತ್ತು ದಿನ ಇದ್ದು ಬಂದೆ. ಈಗ ಮನೆಯವಳು ಸಿಗರೇಟೂ ಬಿಡಿ ಅಂತಾಳೆ. ನನ್ನ ಜೊತೇಲಿ ಕುಡಿತ ಬಿಟ್ಟೋರು, ಒಂದು ವರ್ಷ ಅದರ ತಂಟೆಗೆ ಹೋಗಬೇಡ, ಹೋದರೆ ಮತ್ತೆ ಬಾಟ್ಲಿ ಹಿಡೀತೀಯ ಅಂತಾರೆ. ನಾನು ಯಾರ ಮಾತು ಕೇಳಲಿ?"

ನಾನು ಓದಿದ್ದು ಶಬ್ದಮಣಿದರ್ಪಣ, ವೈದ್ಯಶಾಸ್ತ್ರವಲ್ಲ. ನಿನಗೆ ಚಿಕಿತ್ಸೆ ಮಾಡಿದ ವೈದ್ಯರನ್ನೇ ಕೇಳಪ್ಪ ಎಂದು ಹೇಳಿ ಕಳುಹಿಸಿದೆನು. ಆದರೆ ಅವನ ಪ್ರಶ್ನೆ ನನ್ನನ್ನು ಬಿಡಲಿಲ್ಲ. 'ಮೊದಲು ಹೆಂಡ, ಹೊಗೆ ಆಮೇಲೆ' ಎಂಬ ಈ ಬುದ್ಧಿವಾದ ಎಲ್ಲಿ ಹುಟ್ಟಿತು? ಯಾರು ಮೊದಲು ಹೇಳಿದರು? ಅದನ್ನು ನಂಬಿದವರಿಗೆ ಏನಾಯಿತು? ಹುಡುಕುತ್ತ ಹೋದಾಗ ಅಮೆರಿಕಾ ದೇಶದ ಇನ್ನೂರು ವರ್ಷಗಳ ಒಂದು ಚರಿತ್ರೆಯೇ ತೆರೆದುಕೊಂಡಿತು. ಅದನ್ನು ತಮ್ಮೊಡನೆ ಹಂಚಿಕೊಳ್ಳುವುದಕ್ಕಾಗಿ ಈ ಲೇಖನ.

ನಮ್ಮ ಪ್ರಾಚೀನರು 'ವ್ಯಸನ' ಎಂಬ ಪದಕ್ಕೆ ವಿಪತ್ತು ಎಂಬ ಅರ್ಥವನ್ನೂ ಚಟ ಎಂಬ ಅರ್ಥವನ್ನೂ ಒಟ್ಟಿಗೆ ಇಟ್ಟಿದ್ದಾರೆ. ರಾಜನೀತಿಯ ಗ್ರಂಥಗಳು ಎಣಿಸುವ ವ್ಯಸನಗಳಲ್ಲಿ ಪಾನವುಂಟು, ಜೂಜುಂಟು, ಬೇಟೆಯುಂಟು, ಹೊಗೆಸೊಪ್ಪಿಲ್ಲ. ಇರುವುದಾದರೂ ಹೇಗೆ? ಅದು ಅಮೆರಿಕಾ ಖಂಡದ ಸಸ್ಯ. ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಕರಾವಳಿಗೆ ಬಂದಿತು. ಬಿಜಾಪುರಕ್ಕೆ ಹೋಗಿದ್ದ ಅಸದ್ ಬೇಗ್ ಎಂಬ ಮೊಗಲ್ ಅಧಿಕಾರಿ ಅಲ್ಲಿಂದ ಹೊಗೆಸೊಪ್ಪನ್ನು ಕೊಂಡೊಯ್ದು, ಅಕ್ಬರನ ಆಳ್ವಿಕೆಯ ಕೊನೆಯ ದಿನಗಳಲ್ಲಿ ಅವನ ಮುಂದೆ ಇಟ್ಟನಂತೆ. ಆಸ್ಥಾನದ ವೈದ್ಯನು ಬೇಡವೆಂದನು. ಆದರೂ ಸರದಾರರು ಹಿಡಿದರು. 1617ರಲ್ಲಿ ಜಹಾಂಗೀರನು ನಿಷೇಧಿಸಿದರೂ ಅದು ನಿಲ್ಲಲಿಲ್ಲ. ಉತ್ತರದ ಅರಮನೆಗೆ ಈ ಹೊಗೆ ಹೋದದ್ದು ನಮ್ಮ ನಾಡಿನ ಬಾಗಿಲಿನಿಂದ ಎಂಬುದನ್ನು ನೆನೆದರೆ ಅಷ್ಟೇನೂ ಹೆಮ್ಮೆಯೆನಿಸುವುದಿಲ್ಲ. ಅದಿರಲಿ, ಪ್ರಕೃತಕ್ಕೆ ಬರೋಣ.

ಅಮೆರಿಕಾದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಬೆಂಜಮಿನ್ ರಷ್ ಎಂಬ ವೈದ್ಯನೊಬ್ಬನಿದ್ದನು. ಕುಡಿತವನ್ನು ಪಾಪವೆನ್ನದೆ ರೋಗವೆಂದು ವಾದಿಸಿದ ಮೊದಲಿಗರಲ್ಲಿ ಅವನೂ ಒಬ್ಬ. 1798ರಲ್ಲಿ ಅವನು ಹೊಗೆಸೊಪ್ಪಿನ ಮೇಲೆ ಒಂದು ಪ್ರಬಂಧ ಬರೆದನು. ಹೊಗೆಸೊಪ್ಪು ಬಾಯನ್ನು ಒಣಗಿಸಿ ಒಂದು ಬಗೆಯ ದಾಹವನ್ನು ಹುಟ್ಟಿಸುತ್ತದೆ, ಆ ದಾಹ ನೀರಿನಿಂದ ಹೋಗುವುದಿಲ್ಲ, ಮದ್ಯವನ್ನೇ ಬೇಡುತ್ತದೆ ಎಂಬುದು ಅವನ ವಾದ. ಕಾರಣ ಸರಿಯಿರಲಿ ತಪ್ಪಿರಲಿ, ಇವೆರಡೂ ಕೈಹಿಡಿದು ನಡೆಯುತ್ತವೆಂಬುದನ್ನು ಅವನು ಕಂಡಿದ್ದನು. 1879ರಲ್ಲಿ ಇಲಿನಾಯ್ ರಾಜ್ಯದ ಡ್ವೈಟ್ ಎಂಬ ಊರಿನಲ್ಲಿ ಡಾಕ್ಟರ್ ಕೀಲಿ ಎಂಬಾತನು 'ಚಿನ್ನದ ಔಷಧ'ದ ಹೆಸರಿನಲ್ಲಿ ಚಿಕಿತ್ಸಾಲಯ ತೆರೆದನು. ಕುಡಿತ, ಅಫೀಮು, ಹೊಗೆಸೊಪ್ಪು ಮೂರಕ್ಕೂ ಅವನಲ್ಲಿ ಮದ್ದಿತ್ತು. ಮದ್ದು ಎಷ್ಟರಮಟ್ಟಿನದೆಂದು ಹೇಳುವಂತಿಲ್ಲ. ಆದರೆ ಆ ಕಾಲದವರಿಗೆ ಹೊಗೆ ಬೇರೆ, ಹೆಂಡ ಬೇರೆ ಎಂಬ ಭಾವನೆಯಿರಲಿಲ್ಲವೆಂಬುದನ್ನು ಗಮನಿಸಿ.

ಇಪ್ಪತ್ತನೆಯ ಶತಮಾನದ ಆರಂಭಕ್ಕೆ ನ್ಯೂಯಾರ್ಕಿನಲ್ಲಿ ಚಾರ್ಲ್ಸ್ ಟೌನ್ಸ್ ಎಂಬಾತನು ಕಾಣಿಸಿಕೊಂಡನು. ಇವನು ವೈದ್ಯನಲ್ಲ, ವ್ಯವಹಾರಸ್ಥ. ಶ್ರೀಮಂತ ಕುಡುಕರಿಗಾಗಿ ಒಂದು ಆಸ್ಪತ್ರೆಯನ್ನು ನಡೆಸುತ್ತಿದ್ದನು. 1915ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಹೊಗೆಸೊಪ್ಪಿನ ಮೇಲೆ ಹರಿಹಾಯ್ದಿದ್ದಾನೆ. ಮೊದಲು ಸಿಗರೇಟು, ಅನಂತರ ಮದ್ಯ, ಕೊನೆಗೆ ಅಫೀಮು, ಇದು ಇಳಿಯುವ ಮೆಟ್ಟಿಲು ಎಂದು ಅವನ ಅಭಿಪ್ರಾಯ. ಕುಡಿತ ಬಿಡಬೇಕೆನ್ನುವವನು ಹೊಗೆಯನ್ನೂ ಬಿಡಬೇಕೆಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ.

ಈ ಟೌನ್ಸನ ಆಸ್ಪತ್ರೆಯನ್ನು ನೆನಪಿಡಿ. 1934ರ ಡಿಸೆಂಬರಿನಲ್ಲಿ ಬಿಲ್ ವಿಲ್ಸನ್ ಎಂಬ, ಷೇರುಪೇಟೆಯಲ್ಲಿ ಸೋತ, ಕುಡಿದು ಕುಡಿದು ಹಾಳಾದ ಮನುಷ್ಯನೊಬ್ಬ ಅದೇ ಆಸ್ಪತ್ರೆಗೆ ಸೇರಿದನು. ಅಲ್ಲಿಂದ ಹೊರಬಂದ ಮೇಲೆ ಅವನು ಮತ್ತೆ ಮದ್ಯ ಮುಟ್ಟಲಿಲ್ಲ. ಸಿಗರೇಟನ್ನು ಬಿಡಲೂ ಇಲ್ಲ.

ಮುಂದಿನ ಕಥೆ ಲೋಕಪ್ರಸಿದ್ಧ. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ವ್ಯವಹಾರಕ್ಕೆಂದು ಒಹಾಯೋ ರಾಜ್ಯದ ಅಕ್ರನ್ ಪಟ್ಟಣಕ್ಕೆ ಹೋಗಿದ್ದನು. ವ್ಯವಹಾರ ಕೆಟ್ಟಿತು. ಹೋಟೆಲಿನ ಪಡಸಾಲೆಯಲ್ಲಿ ನಿಂತಾಗ ಮದ್ಯದ ಅಂಗಡಿಯ ಗದ್ದಲ ಕಿವಿಗೆ ಬಿತ್ತು. ಇನ್ನೊಬ್ಬ ಕುಡುಕನೊಡನೆ ಮಾತನಾಡದಿದ್ದರೆ ತಾನು ಉಳಿಯುವುದಿಲ್ಲವೆಂದು ಅವನಿಗೆ ಹೊಳೆಯಿತು. ಹಾಗೆ ಹುಡುಕಿ ಕಂಡದ್ದು ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನನ್ನು. ಇಬ್ಬರೂ ಗಂಟೆಗಟ್ಟಲೆ ಮಾತನಾಡಿದರು. ಬಾಬ್ ಸ್ಮಿತ್ ಕೆಲವು ದಿನ ಬಿಟ್ಟು, ಮತ್ತೊಮ್ಮೆ ಜಾರಿ, ಕೊನೆಗೆ ಜೂನ್ 10ರಂದು ಪೂರ್ಣವಾಗಿ ನಿಲ್ಲಿಸಿದನು. ಆ ದಿನವನ್ನೇ ಅವರ ಸಂಘ ತನ್ನ ಜನ್ಮದಿನವೆಂದು ಆಚರಿಸುತ್ತದೆ. ಸಂಘದ ಹೆಸರು 'ಆಲ್ಕೊಹಾಲಿಕ್ಸ್ ಅನಾನಿಮಸ್'. ಹೆಸರು ಹೇಳಿಕೊಳ್ಳದ ಕುಡುಕರ ಕೂಟ ಎಂದರ್ಥ.

ಆ ದಿನದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಅಂದು ಬೆಳಗ್ಗೆ ಬಾಬ್ ಸ್ಮಿತ್ ಒಬ್ಬ ರೋಗಿಗೆ ಶಸ್ತ್ರಕ್ರಿಯೆ ಮಾಡಬೇಕಾಗಿತ್ತು. ಕೈ ನಡುಗುತ್ತಿತ್ತು. ಕತ್ತಿ ಹಿಡಿಯುವ ಕೈ ನಡುಗಬಾರದೆಂದು ಬಿಲ್ ವಿಲ್ಸನ್ ತಾನೇ ಅವನಿಗೆ ಒಂದು ಬಾಟಲು ಬಿಯರನ್ನು ಕೊಟ್ಟನು! ಅದೇ ಅವನ ಕೊನೆಯ ಕುಡಿತ. ಕುಡಿತ ಬಿಟ್ಟವನ ದೇಹ ಪಡುವ ಪಾಡು ಎಂಥದೆಂದು ಆ ಒಂದು ಬಾಟಲು ಹೇಳುತ್ತದೆ. ಮದ್ಯವು ನರಮಂಡಲವನ್ನು ಅದುಮಿ ಹಿಡಿಯುವ ಪದಾರ್ಥ. ವರ್ಷಗಟ್ಟಲೆ ಅದುಮಿಸಿಕೊಂಡ ಮಿದುಳು ಅದಕ್ಕೆ ಎದುರಾಗಿ ತನ್ನ ವೇಗವನ್ನು ಏರಿಸಿಕೊಂಡಿರುತ್ತದೆ. ಅದುಮಿದ ಕೈಯನ್ನು ಥಟ್ಟನೆ ತೆಗೆದರೆ ಆ ವೇಗವೆಲ್ಲ ಹುಚ್ಚುಹೊಳೆಯಾಗುತ್ತದೆ. ಮೊದಲು ಕೈನಡುಕ, ಬೆವರು, ನಿದ್ರಾಹೀನತೆ. ಒಂದೆರಡು ದಿನಗಳೊಳಗೆ ಕೆಲವರಿಗೆ ಅಪಸ್ಮಾರದಂಥ ಸೆಳೆತ. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರಿಗೆ ಸನ್ನಿ. ಇದರಿಂದ ಪ್ರಾಣ ಹೋಗುವುದುಂಟು. ಆದ್ದರಿಂದ ನಿತ್ಯವೂ ಬಹಳ ಕುಡಿಯುವವರು ಮನೆಯಲ್ಲಿ ತಾವೇ ತಾವಾಗಿ ಥಟ್ಟನೆ ನಿಲ್ಲಿಸಬಾರದು. ವೈದ್ಯರ ಕಣ್ಣೆದುರಿಗೆ ನಿಲ್ಲಿಸಬೇಕು.

ಸಿಗರೇಟನ್ನು ಬಿಟ್ಟಾಗಿನ ಬಾಧೆ ಇಂಥದಲ್ಲ. ಅದು ಕೊಲ್ಲುವುದಿಲ್ಲ, ಕಾಡುತ್ತದೆ. ಹೊಗೆಯಲ್ಲಿರುವ ನಿಕೋಟಿನ್ ಎಳೆದ ಕೆಲವೇ ಕ್ಷಣಗಳಲ್ಲಿ ಮಿದುಳನ್ನು ಮುಟ್ಟಿ, ಎರಡು ಗಂಟೆಗಳಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹಾಗೆ ಇಳಿದಾಗ ಹುಟ್ಟುವ ಕಿರಿಕಿರಿಯನ್ನು ಮುಂದಿನ ಸಿಗರೇಟು ಶಮನ ಮಾಡುತ್ತದೆ. ಸೇದುವವನು 'ಮನಸ್ಸಿಗೆ ಸಮಾಧಾನ' ಎನ್ನುವುದು ಬಹುಪಾಲು ಇದನ್ನೇ. ಸಾಲಗಾರನೇ ಕೊಟ್ಟ ಸಾಲದಿಂದ ಅವನ ಬಡ್ಡಿ ತೀರಿಸಿದಂತೆ. ಬಿಟ್ಟ ಮೊದಲ ದಿನದೊಳಗೇ ಸಿಡುಕು, ಚಡಪಡಿಕೆ, ಹಸಿವು, ಮಂಕು, ನಿದ್ರೆ ಕೆಡುವುದು ಆರಂಭವಾಗಿ, ಎರಡು ಮೂರನೆಯ ದಿನ ಶಿಖರಕ್ಕೇರಿ, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಆಸೆ ಮಾತ್ರ ತಿಂಗಳುಗಳ ಮೇಲೂ ಆಗಾಗ ಬಂದು ಹೋಗುತ್ತದೆ. ಬಂದಾಗ ಕೆಲವು ನಿಮಿಷಗಳಿಗಿಂತ ಹೆಚ್ಚು ನಿಲ್ಲುವುದಿಲ್ಲ.

ಈಗ ಊಹಿಸಿ. ಮದ್ಯದ ಬಾಧೆಯಿಂದ ಬದುಕಿ ಬಂದವನು, ಇನ್ನೂ ನಿದ್ರೆ ನೆಟ್ಟಗಾಗದವನು, ಸಂಜೆ ಏಳು ಗಂಟೆಗೆ ಕೈಗೆ ಕೆಲಸವಿಲ್ಲದವನು. ಅವನಿಗೆ ಕೂಟದಲ್ಲಿ ಒಂದು ಬಟ್ಟಲು ಕಾಫಿ, ಒಂದು ಸಿಗರೇಟು ದೊರೆಯುತ್ತದೆ; ಪಕ್ಕದಲ್ಲಿ ತನ್ನಂತೆಯೇ ನೊಂದ ಹತ್ತು ಜನ. ಆ ಹೊಗೆಯ ಕೋಣೆಗಳಲ್ಲಿ ಸಾವಿರಾರು ಸಂಸಾರಗಳು ಮತ್ತೆ ಕೂಡಿಕೊಂಡವು. ಅದನ್ನು ಹಳಿಯುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

1939ರಲ್ಲಿ ಆ ಸಂಘ ತನ್ನ ಮುಖ್ಯ ಗ್ರಂಥವನ್ನು ಪ್ರಕಟಿಸಿತು. ಸಂಸಾರಸ್ಥರಿಗಾಗಿ ಬರೆದ ಅಧ್ಯಾಯದಲ್ಲಿ ಒಂದು ಪುಟ್ಟ ಕಥೆಯಿದೆ. ಕುಡಿತ ಬಿಟ್ಟ ಒಬ್ಬನು ಕಾಫಿಯನ್ನೂ ಸಿಗರೇಟನ್ನೂ ಮಿತಿಮೀರಿ ಬಳಸುತ್ತಿದ್ದನು. ಹೆಂಡತಿ ಬುದ್ಧಿ ಹೇಳಿದಳು; ಅವನು ಈಗ ಬಿಡಲಾರೆನೆಂದನು; ಅವಳು ಪೀಡಿಸಿದಳು; ಅವನು ಸಿಟ್ಟಿಗೆದ್ದು ಹೋಗಿ ಕುಡಿದುಬಿಟ್ಟನು. ಅವನು ಮಾಡಿದ್ದು ತಪ್ಪೇ ಎಂದು ಗ್ರಂಥ ಒಪ್ಪುತ್ತದೆ. ಆದರೆ ದೊಡ್ಡ ರೋಗ ವಾಸಿಯಾಗುತ್ತಿರುವಾಗ ಸಣ್ಣದನ್ನು ಹಿಡಿದು ಜಗಳ ಮಾಡಿದ್ದು ಅವಳ ತಪ್ಪು ಎಂದೂ ಹೇಳುತ್ತದೆ. ಮುಂದೆ ಅವನು ಮತ್ತೆ ಕುಡಿತ ಬಿಟ್ಟು ಒಳ್ಳೆಯ ಸದಸ್ಯನಾದನು, ಸಿಗರೇಟು ಮುಂದುವರಿಯಿತು, ಯಾರೂ ಆಕ್ಷೇಪಿಸಲಿಲ್ಲ. ಕಥೆ ಅಲ್ಲಿಗೆ ಮುಗಿಯುತ್ತದೆ. ನನ್ನ ವಿದ್ಯಾರ್ಥಿಯ ಸ್ನೇಹಿತರು ಹೇಳಿದ ಮಾತಿಗೆ ಈ ಕಥೆ ಎಷ್ಟು ಹತ್ತಿರವಿದೆ ನೋಡಿ. ನನಗಾದರೋ ಆ ಹೆಂಡತಿಯ ಮೇಲೆ ಕನಿಕರ. ಅವಳ ಮಾತಿನಲ್ಲಿ ಜಾಣ್ಮೆ ಸಾಲದೆ ಹೋಗಿರಬಹುದು. ಸತ್ಯ ಸಾಲದೆ ಹೋಗಿರಲಿಲ್ಲ.

ಆದರೆ 1939ರಲ್ಲಿ ಅದನ್ನು ಸಾಧಿಸಿ ತೋರಿಸುವವರಾರು? ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಇಂಗ್ಲೆಂಡಿನ ಡಾಲ್ ಮತ್ತು ಹಿಲ್, ಅಮೆರಿಕಾದ ವಿಂಡರ್ ಮತ್ತು ಗ್ರಹಾಂ ಲೆಕ್ಕವಿಟ್ಟು ಪ್ರಕಟಿಸಿದ್ದು 1950ರಲ್ಲಿ. ಅಮೆರಿಕಾ ಸರ್ಕಾರದ ಮುಖ್ಯ ವೈದ್ಯಾಧಿಕಾರಿಯ ವರದಿ ಬಂದದ್ದು 1964ರಲ್ಲಿ. ಆ ವರದಿಯೂ ಸಿಗರೇಟನ್ನು 'ಅಭ್ಯಾಸ'ವೆಂದಿತೇ ಹೊರತು ವ್ಯಸನವೆನ್ನಲಿಲ್ಲ. ಅಭ್ಯಾಸ ಎಂಬ ಆ ಮೃದುವಾದ ಪದದ ನೆರಳಿನಲ್ಲಿ ಇನ್ನೂ ಇಪ್ಪತ್ತನಾಲ್ಕು ವರ್ಷ ಕಳೆದವು. 1988ರಲ್ಲಿ, ಡಾಕ್ಟರ್ ಕೂಪ್ ಆ ಹುದ್ದೆಯಲ್ಲಿದ್ದಾಗ, ನಿಕೋಟಿನ್ ಸಹ ವ್ಯಸನವೇ, ಹೆರೋಯಿನ್ ಕೊಕೇನ್‌ಗಳ ವ್ಯಸನ ನಡೆಯುವ ದಾರಿಯಲ್ಲೇ ಇದೂ ನಡೆಯುತ್ತದೆ ಎಂದು ವರದಿ ಸಾರಿತು. ಒಂದು ಪದವನ್ನು ಬದಲಿಸಲು ಇಷ್ಟು ಕಾಲ ಬೇಕಾಯಿತೆಂದರೆ ಕನ್ನಡ ಪಂಡಿತನಾದ ನನಗೆ ಆಶ್ಚರ್ಯವಾಗುತ್ತದೆ, ಆಗುವುದೂ ಇಲ್ಲ.

ಅಷ್ಟರಲ್ಲಿ ಬಿಲ್ ವಿಲ್ಸನ್ ಇರಲಿಲ್ಲ. ಲಕ್ಷಾಂತರ ಜನರನ್ನು ಮದ್ಯದಿಂದ ಬಿಡಿಸಿದ ಸಂಘವನ್ನು ಕಟ್ಟಿ, ತಾನು ಮೂವತ್ತಾರು ವರ್ಷ ಒಂದು ಹನಿ ಮುಟ್ಟದೆ ಬಾಳಿದ ಆ ಮನುಷ್ಯನ ಶ್ವಾಸಕೋಶಗಳು ಹೊಗೆಯಿಂದ ಸವೆದುಹೋಗಿದ್ದವು. ಎಂಫಿಸೀಮಾ ಎನ್ನುತ್ತಾರೆ ಆ ರೋಗಕ್ಕೆ. ಎದೆಯೊಳಗೆ ಹೋದ ಗಾಳಿ ಹೊರಕ್ಕೆ ಬರಲಾರದು, ಹೊಸ ಗಾಳಿ ಒಳಗೆ ಹೋಗಲಾರದು. ಕೊನೆಯ ದಿನಗಳಲ್ಲಿ ಆಮ್ಲಜನಕದ ನೆರವಿನಿಂದ ಉಸಿರಾಡುತ್ತಿದ್ದನು. ಚಿಕಿತ್ಸೆಗೆಂದು ವಿಮಾನದಲ್ಲಿ ಫ್ಲಾರಿಡಾ ರಾಜ್ಯದ ಮಿಯಾಮಿಗೆ ಕರೆದೊಯ್ದರು. 1971ರ ಜನವರಿ 24ರಂದು ಅಲ್ಲಿ ತೀರಿಕೊಂಡನು. ಅಂದು ಅವನ ಮದುವೆಯ ಐವತ್ತಮೂರನೆಯ ವಾರ್ಷಿಕೋತ್ಸವ.

ಇದು ಅವನೊಬ್ಬನ ದುರದೃಷ್ಟವೆ? ಮಿನೆಸೋಟಾ ರಾಜ್ಯದ ಮೇಯೋ ಚಿಕಿತ್ಸಾಲಯದ ಡಾಕ್ಟರ್ ಹರ್ಟ್ ಮತ್ತು ಸಂಗಡಿಗರು ಈ ಪ್ರಶ್ನೆಗೆ 1996ರಲ್ಲಿ ಉತ್ತರ ಕೊಟ್ಟರು. 1972ರಿಂದ 1983ರವರೆಗೆ ಅಲ್ಲಿ ವ್ಯಸನ ಚಿಕಿತ್ಸೆಗೆ ಸೇರಿದ, ಅದೇ ಪ್ರಾಂತದ 845 ಜನರ ಮುಂದಿನ ಬಾಳನ್ನು ಅವರು ಅನುಸರಿಸಿ ನೋಡಿದರು. ಅವರಲ್ಲಿ 222 ಮಂದಿ ತೀರಿಹೋಗಿದ್ದರು. ಮರಣದ ದಾಖಲೆ ಸಿಕ್ಕವರಲ್ಲಿ ಮದ್ಯಕ್ಕೆ ಸಂಬಂಧಿಸಿದ ಕಾರಣದಿಂದ ಸತ್ತವರು ಶೇಕಡ 34. ಹೊಗೆಸೊಪ್ಪಿಗೆ ಸಂಬಂಧಿಸಿದ ಕಾರಣದಿಂದ ಸತ್ತವರು ಶೇಕಡ 51. ಕುಡಿತಕ್ಕಾಗಿ ಆಸ್ಪತ್ರೆಗೆ ಬಂದವರನ್ನು ಕುಡಿತಕ್ಕಿಂತ ಹೆಚ್ಚಾಗಿ ಕೊಂದದ್ದು ಸಿಗರೇಟು. ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರಿನ ವಿಷಯದಲ್ಲಂತೂ ಇವೆರಡೂ ಕೂಡಿದರೆ ಆಗುವ ಹಾನಿ ಎರಡರ ಮೊತ್ತಕ್ಕಿಂತಲೂ ದೊಡ್ಡದು.

ಹಾಗಾದರೆ ಎರಡನ್ನೂ ಒಂದೇ ದಿನ ಬಿಟ್ಟುಬಿಡಬೇಕೆ? ಇಲ್ಲಿ ಅವಸರ ಬೇಡ. 2004ರಲ್ಲಿ ಎರಡು ಅಧ್ಯಯನಗಳು ಪ್ರಕಟವಾದವು. ಒಂದು ಪೂರ್ವಕ್ಕೆ ಎಳೆಯಿತು, ಇನ್ನೊಂದು ಪಶ್ಚಿಮಕ್ಕೆ. ಪ್ರೊಚಾಸ್ಕ ಎಂಬಾಕೆ ಮತ್ತು ಸಂಗಡಿಗರು ಹತ್ತೊಂಬತ್ತು ಪರೀಕ್ಷೆಗಳ ಫಲವನ್ನು ಒಟ್ಟುಗೂಡಿಸಿ, ವ್ಯಸನ ಚಿಕಿತ್ಸೆಯ ಜೊತೆಗೇ ಸಿಗರೇಟು ಬಿಡಲು ನೆರವು ಪಡೆದವರು ಮದ್ಯ ಮೊದಲಾದವುಗಳಿಂದ ದೂರ ಉಳಿಯುವ ಸಂಭವ ಶೇಕಡ 25ರಷ್ಟು ಹೆಚ್ಚು ಎಂದು ತೋರಿಸಿದರು. ಆದರೆ ಮಿನೆಸೋಟಾದಲ್ಲಿ 499 ಜನರ ಮೇಲೆ ನಡೆದ ಇನ್ನೊಂದು ಪರೀಕ್ಷೆಯಲ್ಲಿ ಅರ್ಧ ಜನರಿಗೆ ಹೊಗೆ ಬಿಡುವ ನೆರವನ್ನು ಕುಡಿತದ ಚಿಕಿತ್ಸೆಯ ಜೊತೆಯಲ್ಲೇ, ಉಳಿದವರಿಗೆ ಆರು ತಿಂಗಳು ಕಳೆದ ಮೇಲೆ ಕೊಟ್ಟರು. ಸಿಗರೇಟು ಬಿಟ್ಟವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕುಡಿತದಿಂದ ದೂರ ಉಳಿದವರು ಮಾತ್ರ ತಡವಾಗಿ ನೆರವು ಪಡೆದವರಲ್ಲೇ ಹೆಚ್ಚು. ಅಂದರೆ ಹಳಬರ ಭಯ ಪೂರ್ತಿ ಪೊಳ್ಳಲ್ಲ. 2015ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ, ಕುಡಿತದಿಂದ ಚೇತರಿಸಿಕೊಂಡವರನ್ನು ಮೂರು ವರ್ಷ ಬಿಟ್ಟು ನೋಡಿ, ಸೇದುತ್ತಲೇ ಇದ್ದವರು ಮತ್ತೆ ಕುಡಿತಕ್ಕೆ ಬೀಳುವ ಸಂಭವ ಹೆಚ್ಚೆಂದು ಕಂಡಿತು.

ಇವೆಲ್ಲವನ್ನೂ ಕೂಡಿಸಿ ನೋಡಿದಾಗ ನನಗೆ ತೋರುವುದಿಷ್ಟು. ಮದ್ಯದ ಬಾಧೆ ಏರಿರುವ ಮೊದಲ ದಿನಗಳಲ್ಲಿ ಹಟ ಹಿಡಿಯುವುದು ಬೇಡ. ಹಾಗೆಂದು 'ಆಮೇಲೆ' ಎಂಬುದನ್ನು ತಾರೀಖಿಲ್ಲದ ಹುಂಡಿ ಮಾಡಿಕೊಳ್ಳುವುದೂ ಬೇಡ. ಬಿಲ್ ವಿಲ್ಸನ್ನನ ಬಾಳಿನಲ್ಲಿ ಆ 'ಆಮೇಲೆ' ಮೂವತ್ತು ವರ್ಷಗಳನ್ನು ದಾಟಿತು. ದಿನ ಗೊತ್ತುಮಾಡುವಾಗ ವೈದ್ಯರು ಜೊತೆಗಿರಲಿ. ನ್ಯೂಯಾರ್ಕ್ ರಾಜ್ಯ 2008ರ ಜುಲೈಯಿಂದ ತನ್ನ ವ್ಯಸನ ಚಿಕಿತ್ಸಾಲಯಗಳನ್ನೆಲ್ಲ ಹೊಗೆಸೊಪ್ಪಿಲ್ಲದ ಸ್ಥಳಗಳನ್ನಾಗಿ ಮಾಡಿ, ಸೇದುವವರಿಗೆ ಅಲ್ಲಿಯೇ ಚಿಕಿತ್ಸೆ ಕೊಡಬೇಕೆಂದು ವಿಧಿಸಿತು. ಟೌನ್ಸ್ ಇದ್ದಿದ್ದರೆ ಮೀಸೆ ತಿರುವುತ್ತಿದ್ದನೇನೋ.

ಹಳಬರಿಗಿಲ್ಲದ ಸೌಕರ್ಯಗಳು ಇಂದಿನವರಿಗಿವೆ. 1960ರ ದಶಕದಲ್ಲಿ ಸ್ವೀಡನ್ ದೇಶದ ಜಲಾಂತರ್ಗಾಮಿ ಹಡಗುಗಳ ನಾವಿಕರು, ಒಳಗೆ ಸೇದುವಂತಿಲ್ಲದ್ದರಿಂದ, ಹೊಗೆಸೊಪ್ಪನ್ನು ಬಾಯಲ್ಲಿಟ್ಟು ತೃಪ್ತಿಪಡುತ್ತಿದ್ದುದನ್ನು ಲುಂಡ್ ನಗರದ ವಿದ್ವಾಂಸರು ಗಮನಿಸಿದರು. ಆ ಸುಳಿವನ್ನು ಹಿಡಿದು ಓವೆ ಫರ್ನೊ ಎಂಬ ರಸಾಯನಶಾಸ್ತ್ರಜ್ಞನು ನಿಕೋಟಿನ್ ಬೆರೆಸಿದ ಅಗಿಯುವ ಅಂಟನ್ನು ಸಿದ್ಧಪಡಿಸಿದನು. 1978ರಲ್ಲಿ ಅದಕ್ಕೆ ಮೊದಲು ಅನುಮತಿ ದೊರೆತದ್ದು ಸ್ವಿಟ್ಜರ್ಲೆಂಡಿನಲ್ಲಿ. ಹೊಗೆಯ ವಿಷಗಳಿಲ್ಲದೆ ನಿಕೋಟಿನ್ ಅಂಶವನ್ನಷ್ಟೇ ಸ್ವಲ್ಪಸ್ವಲ್ಪವಾಗಿ ಕೊಟ್ಟು, ಬಿಟ್ಟಾಗಿನ ಬಾಧೆಯನ್ನು ತಗ್ಗಿಸುವುದು ಅದರ ಉಪಾಯ. ಅನಂತರ ಚರ್ಮಕ್ಕೆ ಅಂಟಿಸುವ ಪಟ್ಟಿ ಬಂದಿತು, ಮಾತ್ರೆಗಳು ಬಂದವು. ಅಂಟನ್ನು ಅಡಕೆಯಂತೆ ಜಗಿದು ರಸ ನುಂಗಬಾರದು. ಕೆಲವು ಸಲ ಅಗಿದು, ಕೆನ್ನೆಗೂ ವಸಡಿಗೂ ನಡುವೆ ಇಟ್ಟುಕೊಂಡು, ಮತ್ತೆ ಅಗಿಯಬೇಕು. ಕಾಫಿ ಕುಡಿದ ಕೂಡಲೆ ಅಗಿದರೆ ಹುಳಿ ಅಂಶದಿಂದ ಅದು ಹಿಡಿಯುವುದಿಲ್ಲ.

ಕಾಫಿಯ ಮಾತು ಬಂದಿತಷ್ಟೆ. ಬಹಳ ಜನಕ್ಕೆ ತಿಳಿಯದ ಒಂದು ಸಂಗತಿ ಇದರಲ್ಲಿದೆ. ಹೊಗೆಯಲ್ಲಿರುವ ಕೆಲವು ಪದಾರ್ಥಗಳು ಯಕೃತ್ತನ್ನು ಕೆರಳಿಸಿ, ಕಾಫಿಯ ಕೆಫೀನನ್ನು ಬೇಗಬೇಗ ಕರಗಿಸುವಂತೆ ಮಾಡುತ್ತವೆ. ಸೇದುವುದು ನಿಂತ ಕೆಲವೇ ದಿನಗಳಲ್ಲಿ ಯಕೃತ್ತು ನಿಧಾನವಾಗುತ್ತದೆ. ಆಗ ಅದೇ ನಾಲ್ಕು ಲೋಟ ಕಾಫಿ ರಕ್ತದಲ್ಲಿ ಎರಡರಷ್ಟರ ಹತ್ತಿರಕ್ಕೆ ಏರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ರಾತ್ರಿ ನಿದ್ರೆ ಬರುವುದಿಲ್ಲ. ಕುಡಿತ ಬಿಟ್ಟವನಿಗೆ ಈ ನಡುಕ ಹಳೆಯ ಪರಿಚಯ. 'ಮತ್ತೆ ಅದೇ ಬಂತು, ಒಂದು ಗುಟುಕು ಹಾಕಿದರೆ ಹೋಗುತ್ತದೆ' ಎಂದು ಹೆದರುತ್ತಾನೆ. ಪಾಪ, ಅದರಲ್ಲಿ ಒಂದು ಪಾಲು ಕಾಫಿಯ ಕೆಲಸವಾಗಿರಬಹುದು! ಹೊಗೆ ಬಿಟ್ಟ ದಿನದಿಂದಲೇ ಕಾಫಿಯನ್ನು ಅರ್ಧಕ್ಕೆ ಇಳಿಸುವುದು ಲೇಸು.

ಸಂಕ್ರಾಂತಿ ಕಳೆದ ಮೇಲೆ ನನ್ನ ವಿದ್ಯಾರ್ಥಿ ಮತ್ತೆ ಬಂದನು. ನಾನು ಓದಿದ್ದನ್ನೆಲ್ಲ ನಡುವೆ ಒಮ್ಮೆ ಅವನಿಗೆ ಹೇಳಿದ್ದೆನು. ಅವನು ವೈದ್ಯರನ್ನು ಕಂಡು ದಿನ ಗೊತ್ತುಮಾಡಿಕೊಂಡಿದ್ದನು. ಸಿಗರೇಟಿನ ಪೊಟ್ಟಣದ ಮೇಲೆಯೇ 2018ರಿಂದ ಅಚ್ಚಾಗುತ್ತಿರುವ 1800-11-2356 ಎಂಬ ಸಂಖ್ಯೆಗೆ ದೂರವಾಣಿ ಮಾಡಿದ್ದನಂತೆ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಮಾತನಾಡಿದರೆಂದು ಹೇಳಿದನು.

"ಮೂರನೇ ದಿನ ಮಕ್ಕಳ ಮೇಲೆ ಕೂಗಾಡಿಬಿಟ್ಟೆ ಮೇಷ್ಟ್ರೆ. ಮನೆಯವಳು ಏನೂ ಅನ್ನಲಿಲ್ಲ. ಬಾಗಿಲು ತೆಗೆದು, ಒಂದು ಸುತ್ತು ನಡೆದು ಬನ್ನಿ ಅಂದಳು. ಹೋಗಿ ಬಂದೆ."

"ಇವತ್ತಿಗೆ ಎಷ್ಟು ದಿನವಾಯಿತಪ್ಪ?" ಎಂದೆನು.

"ಹನ್ನೊಂದು."

ನನ್ನ ಮನೆಯಾಕೆ ಎಂದಿನಂತೆ ಕಾಫಿಯ ಲೋಟಗಳನ್ನು ತಂದಿಟ್ಟಳು. ಅವನು ಒಮ್ಮೆ ಲೋಟವನ್ನು ನೋಡಿ, ಒಮ್ಮೆ ನನ್ನನ್ನು ನೋಡಿ, "ಅಮ್ಮ, ತಪ್ಪು ತಿಳೀಬೇಡಿ, ಮಜ್ಜಿಗೆ ಇದ್ದರೆ ಕೊಡಿ" ಎಂದನು.